ಕಿರುಚದ ಬ್ರೇಕು

"ನಾನೇ ಮಾಡಿದೆ ಅಂತ ಬರ್ಕೊಳ್ಳಿ ಮೇಡಂ. ಎಲ್ಲಿ ಬೇಕೋ ಅಲ್ಲಿ ಸೈನ್ ಹಾಕ್ತೀನಿ. ಆಮೇಲೆ ಸ್ವಲ್ಪ ಹೊತ್ತು ಮಲಗೋಕೆ ಬಿಡಿ."

ಲಾಕಪ್ಪಿನ ಗೋಡೆಗೊರಗಿ ಕೂತಿದ್ದ ಸ್ಪ್ಯಾನರ್ ಕಣ್ಣು ಮುಚ್ಚಿಕೊಂಡೇ ಹೇಳಿದ. ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಕ್ಕೇ ಊರವರು ಇಟ್ಟ ಹೆಸರು ಅದು; ಎರಡು ಮಕ್ಕಳ ತಂದೆ. ಎಷ್ಟು ತಿಕ್ಕಿದರೂ ಗ್ರೀಸು ಹೋಗದ ಅವನ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

ಇನ್ಸ್‌ಪೆಕ್ಟರಮ್ಮನಿಗೂ ಮಲಗಿದರೆ ಸಾಕಾಗಿತ್ತು. ಐವತ್ತು ದಾಟಿದ ಹೆಂಗಸು. ವಾರವೆಲ್ಲ ಠಾಣೆ, ಭಾನುವಾರ ಬಂತೆಂದರೆ ಗುಡ್ಡದ ಸೈಕಲ್ಲು. "ಈ ವಯಸ್ಸಲ್ಲಿ ನಿಂಗ್ಯಾಕೆ ಬೇಕಿತ್ತು ಇದೆಲ್ಲ?" ಅಂತ ಗಂಡ ಕೇಳದ ವಾರವಿಲ್ಲ. ಹತ್ತುವಾಗ ಉಸಿರು ನಿಲ್ಲುತ್ತದೆ, ಇಳಿಯುವಾಗ ಜೀವ ಬಾಯಿಗೆ ಬರುತ್ತದೆ, ಮನೆಗೆ ಬಂದು ಕೆಸರು ತೊಳೆಯುವಷ್ಟರಲ್ಲಿ ಸೊಂಟ ಹಿಡಿದುಕೊಂಡಿರುತ್ತದೆ. ಆದರೂ ಮುಂದಿನ ಭಾನುವಾರ ನೋಡಿದರೆ ಎಲ್ಲರಿಗಿಂತ ಹಿಂದೆ, ಸೈಕಲ್ ತಳ್ಳಿಕೊಂಡು, ಮತ್ತೆ ಅದೇ ಗುಡ್ಡ ಹತ್ತುತ್ತಿರುತ್ತಾಳೆ.

ಹೋದ ಭಾನುವಾರವೂ ಹಿಂದೆಯೇ ಇದ್ದಳು. ಅವಳು ಗುಡ್ಡದ ನೆತ್ತಿ ಮುಟ್ಟುವ ಮೊದಲೇ ಕನ್ನಡಕದಂಗಡಿಯವನು, ಸೈಕಲ್ ಗುಂಪಿನವರೆಲ್ಲರ ಬಾಯಲ್ಲಿ 'ಕನ್ನಡಕದಣ್ಣ', ಇಳಿಜಾರಿನ ಮೊದಲ ತಿರುವಿನಲ್ಲಿ ಸೈಕಲ್ ನಿಲ್ಲಿಸಲಾಗದೆ ಬಂಡೆಗಳ ಮೇಲೆ ಬಿದ್ದು ಸತ್ತಿದ್ದ. ಎರಡೂ ಬ್ರೇಕುಗಳಲ್ಲಿ ಎಣ್ಣೆ ಇತ್ತು. ಶುಕ್ರವಾರ ಆ ಸೈಕಲ್ಲನ್ನು ಬಿಚ್ಚಿ ಜೋಡಿಸಿದವನು ಸ್ಪ್ಯಾನರ್.

"ಮಾಡದೆ ಇದ್ದಿದ್ದನ್ನ ಮಾಡಿದೆ ಅಂತ ಯಾಕೋ ಹೇಳ್ತೀಯ?"

"ಬಿದ್ದು ಸಾಯಿ ಹೋಗು ಅಂದಿದ್ದು ನಾನೇ ಅಲ್ವಾ? ಅಂಗಡಿ ಮುಂದೆ ಅಷ್ಟು ಜನ ಕೇಳಿಸ್ಕೊಂಡಿದಾರೆ. ಬ್ರೇಕು ಕಿರುಚ್ತದೆ ಅಂತ ಪದೇಪದೇ ತಂದು ಎಲ್ಲರೆದುರು ನನ್ನ ಮರ್ಯಾದೆ ತೆಗೆದ, ನಾನು ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಹೋಗೇ ಬಿಟ್ಟ. ಇನ್ನೇನು ಬೇಕು ನಿಮಗೆ?"

"ಎಣ್ಣೆ ಹಾಕಿದ್ಯಾ?"

ಸ್ಪ್ಯಾನರ್ ಕಣ್ಣು ತೆರೆದ. "ಡಿಸ್ಕಿಗೆ ಎಣ್ಣೇನಾ? ನನ್ನ ಕೈಯಲ್ಲಿ? ಥೂ."

ಅಷ್ಟು ಹೇಳಿ ಮತ್ತೆ ಮುಚ್ಚಿಕೊಂಡ. ಆ 'ಥೂ' ಒಂದು ಬಿಟ್ಟರೆ ಅವನ ಪರವಾಗಿ ಹೇಳಿಕೊಳ್ಳಲು ಅವಳ ಹತ್ತಿರ ಏನೂ ಇರಲಿಲ್ಲ.

ಮೇಜಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಬ್ರೇಕಿನ ಪ್ಯಾಡುಗಳಿದ್ದವು. ಅವಳು ಕವರ್ ಬಿಡಿಸಿ ಇನ್ನೊಮ್ಮೆ ಮೂಸಿದಳು. ಗುಡ್ಡದ ಸೈಕಲ್ಲಿನ ಗಾಲಿಯ ನಡುವೆ ತಟ್ಟೆಯಂಥ ಉಕ್ಕಿನ ಡಿಸ್ಕ್ ಇರುತ್ತದೆ. ಈ ಪ್ಯಾಡುಗಳು ಎರಡೂ ಕಡೆಯಿಂದ ಅದನ್ನು ಅದುಮಿ ಹಿಡಿದರೆ ಗಾಡಿ ನಿಲ್ಲುತ್ತದೆ. ನಡುವೆ ನಾಲ್ಕು ಹನಿ ಎಣ್ಣೆ ಸೇರಿತೋ, ಕಥೆ ಮುಗಿಯಿತು. ಅದಕ್ಕಿಂತ ಕೆಟ್ಟದ್ದೆಂದರೆ ನಿಂತಲ್ಲೇ ಹಿಡಿಕೆ ಒತ್ತಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕೈಗೆ ಎಂದಿನಷ್ಟೇ ಗಟ್ಟಿಯಾಗಿ ಸಿಗುತ್ತದೆ. ಹಿಡಿತ ಹೋಗಿದೆ ಅನ್ನುವುದು ತಿಳಿಯುವುದು ಇಳಿಜಾರಿನಲ್ಲಿ ಓಡುವಾಗ ಮಾತ್ರ.

ಇದು ಸೈಕಲ್ ಹಿಡಿದ ಎಲ್ಲರಿಗೂ ಗೊತ್ತು. ಆದ್ದರಿಂದಲೇ ಅವಳ ಮೇಲಧಿಕಾರಿ ಸಾಹೇಬರು ಒಂದೇ ಮಾತಿನಲ್ಲಿ ತೀರ್ಮಾನಿಸಿಬಿಟ್ಟಿದ್ದರು. ಗೊತ್ತಿದ್ದೂ ಎಣ್ಣೆ ಹಾಕಿದ್ದಾನೆ ಎಂದರೆ ಕೊಲ್ಲುವುದಕ್ಕೇ ಹಾಕಿದ್ದಾನೆ. ಮಧ್ಯಾಹ್ನವೇ ಕೋರ್ಟಿಗೆ ಹಾಜರು ಮಾಡಿ.

ಆದರೆ ಈ ಎಣ್ಣೆ ತೀರಾ ತೆಳು. ಸ್ಪ್ಯಾನರ್ ಅಂಗಡಿಯಲ್ಲಿ ಚೈನಿಗೆ ಹಾಕುವುದು ಬೆರಳಿಗೆ ಅಂಟುವ ಎಣ್ಣೆ. ಇದು ಮನೆಯೊಳಗಿನ ವಾಸನೆ. ಎಲ್ಲಿಯದು ಇದು?

ಹೋದ ವರ್ಷ ಅವಳ ಗಂಡ ಹಿತ್ತಲಲ್ಲಿ ಎಣ್ಣೆಡಬ್ಬಿ ಹಿಡಿದು ಅವಳ ಸೈಕಲ್ಲಿನ ಮುಂದೆ ಕೂತಿದ್ದು ಫಕ್ಕನೆ ನೆನಪಾಯಿತು. "ಪಾಪ, ತುಂಬಾ ಅಳ್ತಾ ಇದೆ ಕಣೆ, ಎರಡು ತೊಟ್ಟು ಬಿಡ್ತೀನಿ." ಅವಳು ಕಿರುಚಿದ ರಭಸಕ್ಕೆ ಡಬ್ಬಿ ಅವನ ಕೈಯಿಂದ ಬಿದ್ದುಹೋಗಿತ್ತು. ಬಾಗಿಲು ಕಿರ್ ಎಂದರೆ ಎಣ್ಣೆ ಬಿಡುವವನು ಬ್ರೇಕು ಕಿರ್ ಎಂದರೂ ಎಣ್ಣೆಯನ್ನೇ ಬಿಡುತ್ತಾನೆ. ಸೈಕಲ್ ಹೊಡೆಯುವವರು ಯಾರೂ ಆ ತಪ್ಪು ಮಾಡುವುದಿಲ್ಲ. ಅವರ ಮನೆಯವರು ಮಾಡುತ್ತಾರೆ.

ಅವಳು ಎದ್ದಳು. ನೋವಿನ ಮಂಡಿ ಮಾತ್ರ ಏಳಲು ಇನ್ನಷ್ಟು ಹೊತ್ತು ತೆಗೆದುಕೊಂಡಿತು.

"ಮೀಸೆ, ಇವನ ಹೇಳಿಕೆ ಬರೆಸ್ಕೊಳ್ಳೋದು ನಾನು ಬರೋವರೆಗೆ ಬೇಡ."

"ಸಾಹೇಬ್ರು ಫೋನ್ ಮೇಲೆ ಫೋನ್ ಮಾಡ್ತಾ ಇದಾರೆ ಮೇಡಂ," ಎಂದ ಮೀಸೆಯ ಹೆಡ್ ಕಾನ್ಸ್‌ಟೇಬಲ್. "ಎಷ್ಟು ಹೊತ್ತು ಅಂತ ತಳ್ಳಲಿ?"

"ಪೆನ್ನಲ್ಲಿ ಇಂಕಿಲ್ಲ ಅನ್ನು."

*

ಜೀಪು ಇರಲಿಲ್ಲ. ಠಾಣೆಯ ಮೆಟ್ಟಿಲಲ್ಲೇ ಹಲ್ಲಿನ ಡಾಕ್ಟರು ಸಿಕ್ಕಿದರು. ಸ್ಪ್ಯಾನರನಿಗೆ ಒಂದು ಜೊತೆ ಒಗೆದ ಬಟ್ಟೆ ತಂದಿದ್ದರು. ಗುಡ್ಡದ ಗುಂಪು ಕಟ್ಟಿದವರೇ ಅವರು. ಯಾರದಾದರೂ ಟೈರು ಪಂಕ್ಚರ್ ಆದರೆ ಬಿಸಿಲಲ್ಲಿ ಕೂತು ಮುಳ್ಳು ಕೀಳುವವರು, ಇನ್ಸ್‌ಪೆಕ್ಟರಮ್ಮ ಏದುಸಿರು ಬಿಡುತ್ತಾ ಬರುವವರೆಗೆ ಮೇಲೆ ಕಾಯುವವರು. ಎಲ್ಲಿಗೆ ಹೊರಟಿದ್ದೇನೆಂದು ಅವಳು ಹೇಳಿದಳು.

"ಕನ್ನಡಕದಣ್ಣನ ಮನೆಗಾ? ಬನ್ನಿ, ನಾನೇ ಬಿಡ್ತೀನಿ. ಈ ಮಂಡಿ ಇಟ್ಕೊಂಡು ಆಟೋ ಹುಡುಕ್ತೀರಾ?"

ಡಾಕ್ಟರು ಕಾರನ್ನು ಬಹಳ ನಿಧಾನವಾಗಿ ಓಡಿಸಿದರು. ಒಂದು ತಿರುವಿನಲ್ಲಿ ಎಡಗಡೆಯ ಚಕ್ರ ಫುಟ್‌ಪಾತಿನ ಮೇಲೆ ಹತ್ತಿ ಧಡಕ್ಕೆಂದು ಇಳಿಯಿತು.

"ಕ್ಷಮಿಸಿ. ಮನಸ್ಸು ಎಲ್ಲೋ ಇದೆ." ಅವರು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡರು. "ಅವನ ಹಿಡಿಕೆ ಒತ್ತಿ ನೋಡಿದ್ದು ನಾನೇ ಅಲ್ವೇ? ಗಟ್ಟಿಯಾಗಿದೆ, ಹೋಗು ಅಂತ ಬೆನ್ನು ತಟ್ಟಿದ್ದು ಇದೇ ಕೈ."

ಅದು ಗುಂಪಿನ ಪದ್ಧತಿ. ಇಳಿಯುವ ಮೊದಲು ಒಬ್ಬರ ಬ್ರೇಕಿನ ಹಿಡಿಕೆಯನ್ನು ಇನ್ನೊಬ್ಬರು ಒತ್ತಿ ನೋಡಬೇಕು. ಅದನ್ನು ಶುರು ಮಾಡಿದವರೂ ಡಾಕ್ಟರೇ.

"ನಿಮಗೆ ಹೇಗೆ ಗೊತ್ತಾಗ್ಬೇಕು ಡಾಕ್ಟ್ರೇ, ಬಿಡಿ."

"ಅವತ್ತು ಎಷ್ಟು ಖುಷಿಯಾಗಿದ್ದ ಗೊತ್ತಾ? ಕಿರುಚೋದು ನಿಂತೇ ಹೋಯ್ತು, ಸ್ಪ್ಯಾನರ್ ಗೆದ್ದ, ವಾಪಸ್ ಹೋಗಿ ಅವನ ಕೈ ಕುಲುಕ್ತೀನಿ ಅಂತಿದ್ದ."

ಆ ಮಾತು ಲಾಕಪ್ಪಿನಲ್ಲಿರುವವನಿಗೆ ಇನ್ನೂ ಗೊತ್ತಿಲ್ಲ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

"ನೀವು ಅವನ ಹಿಂದೇನೇ ಇದ್ರಿ ಅಲ್ವಾ?"

"ಈಗೀಗ ಯಾರದ್ದಾದ್ರೂ ಚಕ್ರದ ಹಿಂದೇನೇ ಇರ್ತೀನಿ. ಮುಂದೆ ಹೋಗೋ ಶೋಕಿ ಎಲ್ಲ ಮುಗೀತು. ವಯಸ್ಸಾಯ್ತು ಇನ್ಸ್‌ಪೆಕ್ಟರಮ್ಮ."

ಅದು ನಿಜವಾಗಿತ್ತು. ಒಂದು ಕಾಲದಲ್ಲಿ ಎಲ್ಲರಿಗೂ ದಾರಿ ತೋರಿಸುತ್ತಿದ್ದ ಮನುಷ್ಯ, ಇತ್ತೀಚೆಗೆ ಮುಂದಿನವರ ಜಾಡು ಬಿಟ್ಟು ಅತ್ತಿತ್ತ ಸರಿಯುತ್ತಿರಲಿಲ್ಲ. ವಯಸ್ಸಾಗುತ್ತಿರುವುದು ತನಗೊಬ್ಬಳಿಗೇ ಅಲ್ಲ ಎಂದು ಅವಳಿಗೆ ಒಂಥರಾ ಸಮಾಧಾನವೂ ಆಗಿತ್ತು.

*

ಮುಂದೆ ಅಂಗಡಿ, ಹಿಂದೆ ಮನೆ. ಗಾಜಿನ ಕಪಾಟುಗಳಲ್ಲಿ ಸಾಲುಸಾಲಾಗಿ ಕನ್ನಡಕಗಳು ಧೂಳು ಹಿಡಿಯತೊಡಗಿದ್ದವು. ಡಾಕ್ಟರು ಗಿರಾಕಿಗಳ ಕುರ್ಚಿಯಲ್ಲಿ ಕೂತರು. "ನೀವು ಹೋಗಿ ಬನ್ನಿ. ನಾನಿಲ್ಲೇ ಇರ್ತೀನಿ."

ಪರದೆ ಸರಿಸಿದರೆ ಒಂದು ಓಣಿಯಂಥ ನಡುಮನೆ. ಗೋಡೆಯ ಮೇಲೆ ಹ್ಯಾಂಡಲ್ ತಾಗಿ ತಾಗಿ ಬಿದ್ದ ಗೀರುಗಳು, ಕೆಳಗೆ ಟೈರಿನ ಕೆಸರಿನ ಕಲೆ. ಸೈಕಲ್ ನಿಲ್ಲುತ್ತಿದ್ದ ಜಾಗ ಖಾಲಿಯಿತ್ತು. ಅದರ ಪಕ್ಕದಲ್ಲೇ ಹೊಲಿಗೆ ಮಿಷನ್ನು, ಮಿಷನ್ನಿನ ಮೇಲೆ ಮೂತಿ ಉದ್ದನೆಯ ಪುಟ್ಟ ಎಣ್ಣೆಡಬ್ಬಿ.

ಇನ್ಸ್‌ಪೆಕ್ಟರಮ್ಮ ಅದನ್ನು ಎತ್ತಿ ಮೂಸಿದಳು. ಪ್ಯಾಡುಗಳಲ್ಲಿದ್ದ ಅದೇ ವಾಸನೆ. ಬೇಡದಿದ್ದ ಕಡೆಯೇ ಎಣ್ಣೆ ಸಿಕ್ಕಿತ್ತು.

"ಅಕ್ಕಾ, ಬಂದ್ರಾ? ಕೂತ್ಕೊಳ್ಳಿ," ಎಂದು ಕನ್ನಡಕದಣ್ಣನ ಹೆಂಡತಿ ಒಳಗಿನಿಂದ ಬಂದಳು. ತಲೆ ಬಾಚಿರಲಿಲ್ಲ, ಸೀರೆಯ ಸೆರಗು ಒದ್ದೆ. "ಅತ್ತೆಗೆ ಈಗಷ್ಟೇ ಕಣ್ಣು ಹತ್ತಿದೆ. ಮೆಲ್ಲಗೆ ಮಾತಾಡೋಣ."

"ಅವರಿಗೆ ಕೆಮ್ಮು ಕಡಿಮೆ ಆಯ್ತೇನಮ್ಮ?"

"ಎಲ್ಲಿ? ರಾತ್ರಿಯೆಲ್ಲ ಕೆಮ್ಮು, ಬೆಳಗಿನ ಜಾವಕ್ಕೆ ಸ್ವಲ್ಪ ನಿದ್ದೆ. ಆ ಹೊತ್ತಿಗೇ ಇವರು ಸೈಕಲ್ ಹೊರಗೆ ತಗೀತಿದ್ರು. ಮೆಟ್ಟಿಲು ಇಳಿಸುವಾಗ ಬ್ರೇಕು ಹಿಡಿಯೋರು, ಅದು ಕೀಂಯ್ ಅನ್ನೋದು. ಅತ್ತೆ ಎದ್ದು ಕೂತ್ಕೊಳ್ಳೋರು. ಪ್ರತಿ ಭಾನುವಾರ ಇದೇ ಗೋಳು."

ಇನ್ನೂ ಕೇಳುವುದು ಬೇಡ, ಎದ್ದು ಹೋಗಿಬಿಡೋಣ ಅನ್ನಿಸಿತು ಇನ್ಸ್‌ಪೆಕ್ಟರಮ್ಮನಿಗೆ. ಕೇಳಿದರೆ ಈ ಹೆಂಗಸು ಬದುಕಿರುವವರೆಗೆ ನಿದ್ದೆ ಮಾಡುವುದಿಲ್ಲ. ಕೇಳದಿದ್ದರೆ ಸ್ಪ್ಯಾನರ್ ಜೈಲಿಗೆ ಹೋಗುತ್ತಾನೆ. ಎಂಥ ದರಿದ್ರ ಕೆಲಸ ಇದು!

"ಅದಕ್ಕೆ ನೀನೇನಾದ್ರೂ ಮಾಡಿದ್ಯಾ?"

"ಹೂಂ. ಎಣ್ಣೆ ಬಿಟ್ಟೆ."

ಅಷ್ಟು ಸಲೀಸಾಗಿ ಹೇಳಿಬಿಟ್ಟಳು. ಅವಳ ಮುಖದಲ್ಲಿ ಅಂಜಿಕೆ, ಅಳುಕು ಏನೂ ಇರಲಿಲ್ಲ. ಬ್ರೇಕಿನಲ್ಲಿ ಎಣ್ಣೆ ಸಿಕ್ಕಿದ್ದನ್ನು ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ.

"ಯಾವತ್ತು?"

"ಶನಿವಾರ. ಇವರು ಅಂಗಡೀಲಿದ್ರು. ಸ್ಪ್ಯಾನರಣ್ಣ ಪದೇಪದೇ ರಿಪೇರಿ ಮಾಡಿದ್ರೂ ನಿಲ್ಲಲಿಲ್ಲ, ಅದಕ್ಕೆ ಜಗಳ ಬೇರೆ. ನನ್ನ ಮಿಷನ್ನೂ ಕಿರ್ ಅಂದಾಗ ಇದನ್ನೇ ಬಿಡ್ತೀನಿ, ನಿಲ್ತದೆ. ನೋಡೋಣ ಅಂತ ಬಿಟ್ಟೆ. ನಿಂತೇ ಹೋಯ್ತು ಅಕ್ಕಾ! ಭಾನುವಾರ ಇವರು ಹೋಗಿದ್ದು ಅತ್ತೆಗೆ ಗೊತ್ತೇ ಆಗಲಿಲ್ಲ." ಒದ್ದೆ ಸೆರಗಿನಿಂದ ಮುಖ ಒರೆಸಿಕೊಂಡಳು. "ನನಗೂ ಗೊತ್ತಾಗಲಿಲ್ಲ. ಹೋಗ್ಬರ್ತೀನಿ ಅಂದಿದ್ದೂ ಕೇಳಿಸಲಿಲ್ಲ."

ಇನ್ಸ್‌ಪೆಕ್ಟರಮ್ಮ ಅವಳ ಕೈ ಹಿಡಿದುಕೊಂಡಳು. ಪೊಲೀಸಿನವಳು ಹಿಡಿಯಬಾರದಿತ್ತು, ಹಿಡಿದಳು.

"ಸರಿಯಾಗಿ ನೆನಪು ಮಾಡ್ಕೊಂಡು ಹೇಳು. ಯಾವ ಚಕ್ರಕ್ಕೆ ಬಿಟ್ಟೆ?"

"ಹಿಂದಿಂದಕ್ಕೆ."

"ಮುಂದಿಂದಕ್ಕೆ?"

"ಅದಕ್ಯಾಕೆ ಬಿಡ್ಲಿ? ಅದು ತೆಪ್ಪಗೆ ಬಾಯಿ ಮುಚ್ಕೊಂಡಿತ್ತು. ಕೀಂಯ್ ಅಂತಿದ್ದಿದ್ದು ಹಿಂದಿಂದು ಒಂದೇ."

ಇನ್ಸ್‌ಪೆಕ್ಟರಮ್ಮನ ಎದೆಯ ಮೇಲಿದ್ದ ಭಾರ ಒಮ್ಮೆಗೇ ಇಳಿಯಿತು. ಅಳು ಬರುವಷ್ಟು ಹಗುರವಾಯಿತು. ಹಿಂದಿನ ಬ್ರೇಕು ಹೋದರೆ ಯಾರೂ ಸಾಯುವುದಿಲ್ಲ. ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಮುಂದಿನದು. ಅವಳೇ ಒಂದು ಸಲ ಹಿಂದಿನ ಬ್ರೇಕು ಕೈಕೊಟ್ಟಾಗ ಬರೀ ಮುಂದಿನದರ ಮೇಲೆ ಇಡೀ ಗುಡ್ಡ ಇಳಿದು ಬಂದಿದ್ದಳು. ಕನ್ನಡಕದಣ್ಣ ತನಗಿಂತ ಎಷ್ಟೋ ಪಾಲು ಚೆನ್ನಾಗಿ ಇಳಿಯುತ್ತಿದ್ದ.

ಆದರೆ ಅವನ ಮುಂದಿನ ಬ್ರೇಕಿನಲ್ಲೂ ಇದೇ ಎಣ್ಣೆ ಇತ್ತು. ಹಾಗಾದರೆ ಇವಳು ಹಾಕಿದ್ದನ್ನು ನೋಡಿದವರು, ಇಲ್ಲವೆ ಕೇಳಿದವರು, ಇದೇ ಡಬ್ಬಿಯಿಂದ ಮುಂದಿನದಕ್ಕೂ ಬಿಟ್ಟಿದ್ದಾರೆ.

"ಎಣ್ಣೆ ಬಿಟ್ಟಿದ್ದನ್ನ ಯಾರಿಗಾದ್ರೂ ಹೇಳಿದ್ಯಾ?"

"ಇವರಿಗೆ ಹೇಳಲಿಲ್ಲ. ನನ್ನ ಸೈಕಲ್ ಮುಟ್ಬೇಡ ಅಂತ ರೇಗ್ತಾರೆ. ಡಾಕ್ಟ್ರಿಗೆ ಮಾತ್ರ ಹೇಳಿದೆ."

"ಯಾವ ಡಾಕ್ಟ್ರಿಗೆ?"

"ನಮ್ಮ ಹಲ್ಲಿನ ಡಾಕ್ಟ್ರಿಗೆ. ಶನಿವಾರ ಸಾಯಂಕಾಲ ಹೊಸ ಕನ್ನಡಕ ತಗೊಳ್ಳೋಕೆ ಬಂದಿದ್ರು. ಸೈಕಲ್ ವಿಷಯ ಅವರಿಗೆ ಚೆನ್ನಾಗಿ ಗೊತ್ತಲ್ಲ, ಅದಕ್ಕೇ ಕೇಳ್ದೆ. ಒಳ್ಳೇ ಕೆಲಸ ಮಾಡಿದ್ದೀಯ ತಾಯಿ, ಅವನಿಗೆ ಮಾತ್ರ ಹೇಳ್ಬೇಡ, ಸುಮ್ನೆ ಬೈತಾನೆ ಅಂದ್ರು."

ಇನ್ಸ್‌ಪೆಕ್ಟರಮ್ಮ ಪರದೆಯ ಕಡೆ ತಿರುಗಿ ನೋಡಿದಳು. ಡಿಸ್ಕಿಗೆ ಎಣ್ಣೆ ಬಿದ್ದಿದೆ ಎಂದು ಕೇಳಿದರೆ ಗುಂಪಿನ ಯಾರೇ ಆದರೂ ಹೌಹಾರಿ ಬೀಳುತ್ತಿದ್ದರು. ಆ ಸೈಕಲ್ಲನ್ನು ಹೊರಗೆ ತೆಗೆಯಲು ಬಿಡುತ್ತಿರಲಿಲ್ಲ. ಒಳ್ಳೆಯ ಕೆಲಸ ಅನ್ನಲು ಸಾಧ್ಯವೇ ಇರಲಿಲ್ಲ.

"ಆಮೇಲೆ ಅವರು ಇಲ್ಲೇ ಇದ್ರಾ?" ಅವಳು ದನಿ ಇನ್ನೂ ತಗ್ಗಿಸಿದಳು.

"ನಾನು ಟೀ ಮಾಡೋಕೆ ಒಳಗೆ ಹೋದೆ. ಇಲ್ಲೇ ಈ ಸ್ಟೂಲಿನ ಮೇಲೆ ಕೂತಿದ್ರು. ಇವರು ಹೊರಗಡೆ ಗಿರಾಕಿ ನೋಡ್ತಾ ಇದ್ರು."

"ಇಬ್ಬರೂ ಚೆನ್ನಾಗೇ ಇದ್ರಾ ಅವತ್ತು?"

"ಅದಕ್ಕೆ ಮೊದಲು ಸ್ವಲ್ಪ ಮಾತು ಜೋರಾಗಿತ್ತು. ಈ ವರ್ಷದಲ್ಲೇ ಅವರಿಗೆ ಇದು ಮೂರನೇ ಕನ್ನಡಕ. ಇನ್ನು ಗಾಜು ಬದಲಾಯಿಸಿದ್ರೆ ಪ್ರಯೋಜನ ಇಲ್ಲ, ನೀವಾಗೇ ಕೆಲಸ ಬಿಡ್ತೀರೋ, ಇಲ್ಲಾ ನಾನೇ ಹೇಳಬೇಕಾದವರಿಗೆ ಹೇಳ್ಲೋ ಅಂತ ಇವರು ಅಂದಿದ್ದು ಕೇಳಿಸ್ತು. ಏನು ವಿಷಯ ಅಂತ ನಾನು ಕೇಳೋಕೆ ಹೋಗಲಿಲ್ಲ. ಗಂಡಸರ ಮಾತು."

ಕಣ್ಣು. ಅಯ್ಯೋ ದೇವರೇ, ಕಣ್ಣು! ಮುಂದಿನವರ ಚಕ್ರ ನೋಡಿಕೊಂಡು ಗುಡ್ಡ ಇಳಿಯುವ ಮನುಷ್ಯ, ಫುಟ್‌ಪಾತ್ ಕಾಣದೆ ಕಾರು ಹತ್ತಿಸುವ ಮನುಷ್ಯ, ದಿನ ಬೆಳಗಾದರೆ ಜನರ ಬಾಯಲ್ಲಿ ಡ್ರಿಲ್ ಇಡುತ್ತಿದ್ದಾರೆ. ಅದು ಗೊತ್ತಿದ್ದವನು ಕನ್ನಡಕದಣ್ಣ ಒಬ್ಬನೇ. ಅವನು ಸುಮ್ಮನಿರುವುದಿಲ್ಲ ಅಂದಿದ್ದ.

ಈಗ ಇವಳನ್ನು ಸದ್ದಿಲ್ಲದೆ ಇಲ್ಲಿಂದ ಎಬ್ಬಿಸಿಕೊಂಡು ಹೋಗಬೇಕು. ಇದೇ ಮಾತನ್ನು ಠಾಣೆಯಲ್ಲಿ ಬರೆಸಬೇಕು.

"ಹಿತ್ತಲ ಬಾಗಿಲು ಇದೆಯೇನಮ್ಮ?"

"ಯಾಕಕ್ಕಾ?" ಅವಳ ಕಣ್ಣು ಈಗ ಅಗಲವಾಯಿತು. "ಆ ಎಣ್ಣೆಯಿಂದ ಏನಾದ್ರೂ ಆಯ್ತಾ? ಇಲ್ಲ ಅಲ್ವಾ? ಡಾಕ್ಟ್ರೇ ಒಳ್ಳೇದು ಅಂದ್ರಲ್ಲ! ಬೇಕಾದ್ರೆ ಅವರನ್ನೇ ಕೇಳಿ..."

"ಶ್, ಮೆಲ್ಲಗೆ..."

"ಡಾಕ್ಟ್ರೇ! ಸ್ವಲ್ಪ ಬನ್ನಿ ಇಲ್ಲಿ! ಅವತ್ತು ನೀವು ಹೇಳಿದ್ರಲ್ಲ, ಅಕ್ಕನಿಗೂ ಹೇಳಿ!"

ಹೊರಗೆ ಕುರ್ಚಿ ಸರಿಯಿತು. ಪರದೆಯ ಅಂಚನ್ನು ಬೆರಳುಗಳು ತಡವಿ ಹುಡುಕಿದವು, ಆಮೇಲೆ ಸರಿಸಿದವು. ಡಾಕ್ಟರ ಮುಖದಲ್ಲಿ ಸಿಟ್ಟಾಗಲಿ ಹೆದರಿಕೆಯಾಗಲಿ ಇರಲಿಲ್ಲ. ಬರೀ ಮರುಕ ಇತ್ತು. ಅದನ್ನು ನೋಡಿ ಇನ್ಸ್‌ಪೆಕ್ಟರಮ್ಮನಿಗೆ ಹೆಚ್ಚು ಭಯವಾಯಿತು.

"ಬೇಡ ತಾಯಿ, ಇದನ್ನ ಹೇಳೋದೇ ಬೇಡ ಅಂದ್ಕೊಂಡಿದ್ದೆ," ಎಂದರು ಡಾಕ್ಟರು. "ಇನ್ಸ್‌ಪೆಕ್ಟರಮ್ಮ, ನಿಮ್ಮ ಹತ್ತಿರ ಮುಚ್ಚಿಟ್ಟಿದ್ದು ನನ್ನ ತಪ್ಪು. ಭಾನುವಾರ ರಾತ್ರಿ ಎಲ್ಲಾ ಮುಗಿದ ಮೇಲೆ ಇವಳೇ ನನ್ನ ಹತ್ತಿರ ಅತ್ಕೊಂಡು ಹೇಳಿದಳು. ಎರಡೂ ಚಕ್ರಕ್ಕೆ ಎಣ್ಣೆ ಬಿಟ್ಟೆ, ಗೊತ್ತಾಗದೆ ಬಿಟ್ಟೆ ಅಂತ. ನನಗೆ ಬಾಯಿ ಬಿಡೋಕೆ ಮನಸ್ಸು ಬರಲಿಲ್ಲ. ಗಂಡನ್ನ ಕಳ್ಕೊಂಡವಳು."

"ಭಾನುವಾರ ಅಲ್ಲ, ಶನಿವಾರ..." ಎಂದಳು ಅವಳು. "ನೀವು ಸ್ಟೂಲಿನ ಮೇಲೆ ಕೂತಿದ್ರಿ. ಒಳ್ಳೇ ಕೆಲಸ ಅಂದ್ರಿ."

"ಡಿಸ್ಕಿಗೆ ಎಣ್ಣೆ ಬಿಟ್ಟಿದ್ದಕ್ಕೆ ನಾನು ಒಳ್ಳೇ ಕೆಲಸ ಅಂತೀನೇನಮ್ಮ? ನನಗೆ ತಲೆ ಕೆಟ್ಟಿದೆಯಾ? ಕೇಳು ಬೇಕಾದ್ರೆ ಅಕ್ಕನ್ನ. ನಿದ್ದೆ ಇಲ್ಲ, ಊಟ ಇಲ್ಲ, ಎಲ್ಲಾ ಕಲಸುಮೇಲೋಗರ ಆಗಿದೆ ನಿನಗೆ. ಆ ದಿನ ನಾನೇ ಅಲ್ವೇ ನಿದ್ದೆ ಮಾತ್ರೆ ಕೊಟ್ಟಿದ್ದು?"

"ಡಾಕ್ಟ್ರೇ, ಸಾಕು," ಎಂದಳು ಇನ್ಸ್‌ಪೆಕ್ಟರಮ್ಮ. ಸ್ವರ ಅವಳಿಗೇ ಪರಕೀಯವಾಗಿ ಕೇಳಿಸಿತು. "ನೀವು ಹೊರಗೆ ಹೋಗಿ."

"ಹೋಗ್ತೀನಿ. ಹೇಳಿಕೆ ಬೇಕಾದ್ರೆ ಅದನ್ನೂ ಕೊಡ್ತೀನಿ. ಪಾಪ, ಆ ಸ್ಪ್ಯಾನರ್ ಏನೂ ತಪ್ಪು ಮಾಡದೆ ಒಳಗೆ ಕೂತಿದಾನೆ, ಅವನನ್ನ ಬಿಡಿ. ಇದು ಕೊಲೆ ಅಲ್ಲ. ಯಾವ ಕೋರ್ಟೂ ಇವಳಿಗೆ ಶಿಕ್ಷೆ ಕೊಡಲ್ಲ."

ಎಷ್ಟು ಅಚ್ಚುಕಟ್ಟಾಗಿ ಹೇಳಿದರು! ಸ್ಪ್ಯಾನರ್ ಬಿಡುಗಡೆಯಾಗುತ್ತಾನೆ, ಸಾಹೇಬರಿಗೆ ಕೇಸು ಮುಗಿಯುತ್ತದೆ, ಡಾಕ್ಟರು ನಾಳೆ ಬೆಳಿಗ್ಗೆ ಕ್ಲಿನಿಕ್ ಬಾಗಿಲು ತೆಗೆಯುತ್ತಾರೆ. ಅವರ ವಿರುದ್ಧ ಇನ್ಸ್‌ಪೆಕ್ಟರಮ್ಮನ ಕೈಯಲ್ಲಿದ್ದದ್ದು ಈ ಹೆಂಗಸಿನ ನೆನಪು ಒಂದೇ.

ಒಳಕೋಣೆಯಲ್ಲಿ ಮುದುಕಿ ಕೆಮ್ಮಿದಳು. "ಏನೇ ಅದು? ಯಾರು ಎಣ್ಣೆ ಬಿಟ್ಟಿದ್ದು? ನನ್ನ ಮಗನ ಸೈಕಲ್ಲಿಗಾ?"

ಸೊಸೆ ಒಳಕೋಣೆಯ ಕಡೆ ತಿರುಗಿದಳು.

"ನನ್ನ ಕಡೆ ನೋಡಮ್ಮ," ಎಂದು ಇನ್ಸ್‌ಪೆಕ್ಟರಮ್ಮ ಅವಳ ಎರಡೂ ಭುಜ ಹಿಡಿದಳು. "ಅವರ ಮಾತು ಬಿಡು. ಈಗಷ್ಟೇ ನನಗೆ ಹೇಳಿದ್ಯಲ್ಲ, ಅದನ್ನೇ ಇನ್ನೊಂದು ಸಲ ಹೇಳು. ಯಾವ ಚಕ್ರ?"

ಅವಳು ಖಾಲಿ ಗೋಡೆಯನ್ನು ನೋಡಿದಳು. ತುಟಿಗಳು ಅಲ್ಲಾಡಿದವು, ಬೆರಳುಗಳು ಗಾಳಿಯಲ್ಲಿ ಡಬ್ಬಿ ಹಿಡಿದು ಬಗ್ಗಿಸಿದಂತೆ ಆಡಿದವು, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ.

"ಹಿಂದಿಂದು... ಅಲ್ಲ, ಮುಂದಿಂದೂ... ನನಗೆ ಗೊತ್ತಾಗ್ತಿಲ್ಲ ಅಕ್ಕಾ. ಎರಡಕ್ಕೂ ಬಿಟ್ನೇನೋ."